ಕಿಟಕಿ ಪಕ್ಕದ ಸೀಟು

ನಲವತ್ತೊಂದು ಫೋಟೊ. ಒಂದರಲ್ಲೂ ದಾರಿ ಇಲ್ಲ! ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಅರುಂಧತಿ, ಮಂಡ್ಯದಿಂದ ಆಗಷ್ಟೇ ಬಂದಿಳಿದ ದೊಡ್ಡಪ್ಪನ ಮೊಬೈಲನ್ನು ಮೂರನೆಯ ಸಲ ಜಾಲಾಡಿದಳು. ಕಂಬಿ ಹಿಡಿದ ಕೈಗಳು, ಬಳೆ ತೊಟ್ಟ ಕೈಗಳು, ಫುಟ್‌ಬೋರ್ಡಿನ ಮೇಲಿನ ಚಪ್ಪಲಿಗಳು, ಯಾರದೋ ಮಡಿಲಲ್ಲಿ ಕೂತ ಕೋಳಿ. ಬಸ್ಸು ಮಂಡ್ಯ ಬಿಟ್ಟು ಹೊರಟಿತ್ತು ಎನ್ನುವುದಕ್ಕೆ ಸಾಕ್ಷಿಯೇ ಇರಲಿಲ್ಲ.

"ಕಿಟಕಿಯಿಂದ ಆಚೆ ತೆಗಿ ಅಂತ ತಾನೆ ದೊಡ್ಡಪ್ಪ ನಾ ಯೋಳಿದ್ದು?"

"ತೆಗಿಯಾನ ಅಂತಿದ್ದೆ ಕಣವ್ವ. ಜನ ಅಡ್ಡ ನಿಂತಿದ್ರು," ಎಂದರು ಶಿವರಾಮು.

ಜನ ಅಡ್ಡ ನಿಂತಿರಲಿಲ್ಲ, ಇವರೇ ಜನರ ಕಡೆ ತಿರುಗಿ ನಿಂತಿದ್ದರು. ಮಂಡ್ಯ–ಮದ್ದೂರು–ಮಳವಳ್ಳಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರಾಗಿದ್ದು, ಹೋದ ವರ್ಷ ನಿವೃತ್ತರಾದವರು. ಅದೇ ದಾರಿಯ ಮೇಲೆ ಹನ್ನೊಂದು ಪುಟದ ಪ್ರವಾಸ ಕಥನ ಬರೆದರು. ಅರುಂಧತಿ ಅದನ್ನು ಟೈಪ್ ಮಾಡಿ ಅಂತರ್ಜಾಲದ ಸಾಹಿತ್ಯ ಪತ್ರಿಕೆಯೊಂದಕ್ಕೆ ಕಳಿಸಿದ್ದಳು. ಈ ದಿನ ಬೆಳಿಗ್ಗೆ ಉತ್ತರ ಬಂತು: 'ಬರಹ ಹಿಡಿಸಿತು. ಆದರೆ ಇದರಲ್ಲಿ ದಾರಿಯೇ ಕಾಣುತ್ತಿಲ್ಲ. ಲೇಖಕರೇ ತೆಗೆದ, ದಾರಿ ಕಾಣುವ ಒಂದು ಫೋಟೊವಾದರೂ ಸಂಜೆ ಐದರೊಳಗೆ ತಲುಪಿದರೆ ಪ್ರವಾಸ ಸಂಚಿಕೆಯಲ್ಲಿ ಹಾಕುತ್ತೇವೆ. ತಲುಪದಿದ್ದರೆ ಇಲ್ಲ.' ಅಷ್ಟಕ್ಕೇ ಶಿವರಾಮು ಇಸ್ತ್ರಿ ಅಂಗಿ ತೊಟ್ಟು, ನನ್ನ ಹೆಸರು ಬರುತ್ತದೆ ಎಂದು ಬೀದಿಗೆಲ್ಲ ಹೇಳಿ ಬಸ್ಸು ಹತ್ತಿದ್ದರು. ಬರದೆ ಹೋದರೆ ಆ ಬೀದಿಯಲ್ಲಿ ಹೇಗೆ ತಲೆ ಎತ್ತುತ್ತಾರೋ ಎಂಬುದೇ ಅರುಂಧತಿಯ ಸಂಕಟ.

ನಾಲ್ಕರ ಮಳವಳ್ಳಿ ಬಸ್ಸಿಗೆ ಅವಳೂ ಜೊತೆ ಹತ್ತಿದಳು. ದೊಡ್ಡಪ್ಪನನ್ನು ಕಿಟಕಿ ಪಕ್ಕ ಕೂರಿಸಿದಳು.

"ಮಳವಳ್ಳಿ ಬರಗಂಟ ಏಳಂಗಿಲ್ಲ."

"ಎದ್ರೆ ಕೇಳು."

ಮೊದಲ ಸ್ಟಾಪಿನಲ್ಲೇ ಎದ್ದರು. ಕಂಕುಳಲ್ಲಿ ಮಗು ಎತ್ತಿಕೊಂಡವಳೊಬ್ಬಳು ಹತ್ತಿದ್ದಳು. "ಕುಂತ್ಕೊ ತಾಯಿ" ಎಂದು ಸೀಟು ಬಿಟ್ಟುಕೊಟ್ಟರು. ಅರುಂಧತಿ ಯಾರನ್ನೋ ಕಾಡಿ ಬೇಡಿ ಇನ್ನೊಂದು ಕಿಟಕಿ ಹಿಡಿಯುವಷ್ಟರಲ್ಲಿ ಇವರು ನಡುದಾರಿಯಲ್ಲಿ ನಿಂತು, "ಇಂದಕ್ಕೋಗಿ, ಇಂದಕ್ಕೋಗಿ, ಜಾಗ ಐತೆ" ಎಂದು ಜನರನ್ನು ಸರಿಸುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದಂತೆ. ಕಂಡಕ್ಟರ್ ಗುಣ ಪಿಂಚಣಿ ಕೊಟ್ಟರೂ ಹೋಗುವುದಿಲ್ಲ.

"ಅಣ್ಣೋ, ಅದ್ನ ನಾನ್ ನೋಡ್ಕತೀನಿ ಬುಡು," ಎಂದು ಈಗಿನ ಕಂಡಕ್ಟರ್ ಪುನೀತ್ ನಕ್ಕ. ಅರುಂಧತಿಗೆ ನಗು ಬರಲಿಲ್ಲ. ಅಂಗಿ ಹಿಡಿದೆಳೆದು ಕೂರಿಸಿದಳು.

ಗಂಟೆ ನಾಲ್ಕು ಐವತ್ತು. ಅಷ್ಟರಲ್ಲಿ ಎಡಗಡೆ ಕೆರೆ ಬಂತು. ತುಂಬು ನೀರು, ಅಂಚಿನಲ್ಲಿ ಬೆಳ್ಳಕ್ಕಿ, ಪಕ್ಕದಲ್ಲೇ ಬಾಗಿ ಹೋಗುವ ರಸ್ತೆ. "ತೆಗಿ ದೊಡ್ಡಪ್ಪ, ತೆಗಿ!" ಎಂದಳು. ಶಿವರಾಮು ಮೊಬೈಲು ಹಿಡಿದು ಕಿಟಕಿಯಿಂದ ಹೊರಗೆ ಬಾಗಿದರು. ಬಾಗಿದವರು ಹಿಂದಕ್ಕೆ ತಿರುಗಿದರು.

"ಓಲ್ಡಾನ್!"

ಬಸ್ಸು ಗಕ್ಕನೆ ನಿಂತಿತು. ಡ್ರೈವರ್ ಬೈದ, ಮಗು ಅಳತೊಡಗಿತು. ಹಿಂದಿನಿಂದ ಏದುಸಿರು ಬಿಡುತ್ತಾ ಬಂದ ಮುದುಕಿಯೊಬ್ಬಳ ತಲೆ ಮೇಲಿನ ಗಂಟನ್ನು ಶಿವರಾಮು ಕಿಟಕಿಯಿಂದಲೇ ಒಳಗೆಳೆದುಕೊಂಡರು. ಅವಳು ಹತ್ತಿದ್ದೇ "ರೈಟ್" ಅಂದವರೂ ಅವರೇ.

ಅರುಂಧತಿ ಮೊಬೈಲು ಕಿತ್ತುಕೊಂಡಳು. ಕೂಗುವ ಭರದಲ್ಲಿ ಬೆರಳು ಒತ್ತಿ ಒಂದೇ ಒಂದು ಫೋಟೊ ಬಂದಿತ್ತು. ಮುಕ್ಕಾಲು ಕೆರೆ ಚೌಕಟ್ಟಿನ ಹೊರಗೆ, ರಸ್ತೆ ವಾರೆ, ರಸ್ತೆಯ ಆ ತುದಿಯಲ್ಲಿ ಗಂಟು ಹೊತ್ತ ಮುದುಕಿ ಎತ್ತಿದ ಕೈ. ಇನ್ನೊಂದಕ್ಕೆ ಹೊತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಅದನ್ನೇ ಕಳಿಸಿದಳು.

ಆಮೇಲೆ ತಡೆಯಲಾಗಲಿಲ್ಲ. "ಮೂವತ್ತೆರಡು ವರ್ಸ ಇದೇ ದಾರೀಲಿ ಓಡಾಡಿದ್ದೀಯ. ಒಂದ್ ದಿನಾನಾರ ಆಚೆ ನೋಡಿದ್ದೀಯ ನೀನು?"

ಶಿವರಾಮು ಮಡಿಲಲ್ಲಿದ್ದ ಗಂಟನ್ನು ಉರುಳದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ದಿನಾ ನೋಡ್ತಿದ್ದೆ ಕಣವ್ವ. ಯಾರಾರ ಓಡ್ಬತ್ತಾವ್ರಾ ಅಂತ."