ಹವಳದಲ್ಲಿ ಉಳಿದ ಮಾತು

ತವರಿಗೆ ಹೋಗಿದ್ದ ನನ್ನ ಹೆಂಡತಿ ವಾರಿಜಾ ಅಲ್ಲೇ ತೀರಿಕೊಂಡಳೆಂಬ ಸುದ್ದಿ ಬಂದ ದಿನ, ನನಗೆ ಮೊದಲು ನೆನಪಾದದ್ದು ದ್ವೀಪದ ರೆಸಾರ್ಟ್. ಹೋದ ರಜೆಯಲ್ಲಿ ಅಲ್ಲಿ ಸ್ಕೂಬಾಕ್ಕೆ ಇಳಿದಾಗ, ಎಲ್ಲರಂತೆ ಅವಳೂ ಹವಳದಲ್ಲಿ ನನಗಾಗಿ ಒಂದು ಮಾತು ಹೇಳಿಟ್ಟಿದ್ದಳು. ಹವಳ ಮಾತನ್ನು ಒಂದು ವರ್ಷವಷ್ಟೇ ಕಾಯುತ್ತದೆ; ಯಾರಿಗಾಗಿ ಇಟ್ಟದ್ದೋ ಅವರೇ ಬಂದು ತಮ್ಮ ಹೆಸರು ಹೇಳಿದರೆ ಕೊಡುತ್ತದೆ. ಕರ್ಮಾಂತರ ಮುಗಿಸಿ ನಾನು ತಲುಪುವಾಗ ಒಂದೇ ದಿನ ಉಳಿದಿತ್ತು.

ನೀರಿಗಿಳಿದು, ನೀರಡಿಯಲ್ಲೂ ಮಾತಾಡಬಹುದಾದ ಮುಖವಾಡದೊಳಗಿಂದ "ಶ್ರೀಪತಿ" ಎಂದು ಮೂರು ಸಲ ನನ್ನ ಹೆಸರು ಹೇಳಿದೆ. ಹವಳ ಸುಮ್ಮನಿತ್ತು.

ಜೊತೆಗಿದ್ದ ಗೈಡ್ ಜುಬೇದಾ ಕೇಳಿದಳು: "ಅಜ್ಜಾ, ಅಜ್ಜಿ ನಿಮ್ಮನ್ನ ಹೆಸರು ಹಿಡಿದು ಕರೀತಿದ್ರಾ?"

"ಛೆ, ಛೆ! ಐವತ್ತು ವರ್ಷದಲ್ಲಿ ಒಂದ್ಸಲವೂ ಇಲ್ಲ."

"ಮತ್ತೆ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಅವರು ಕರೀತಿದ್ದ ಹಾಗೇ ಕರೀರಿ."

ನಾಚುತ್ತಲೇ "ಏನೂಂದ್ರೆ" ಎಂದೆ.

ಹವಳ ಅರಳಿತು. "ಏನೂಂದ್ರೆ, ಮೇಲೆ ಹೋದ ಕೂಡ್ಲೇ ತಲೆ ಒರೆಸ್ಕೊಳ್ಳಿ. ನಿಮಗೆ ಶೀತ ತಡೆಯಲ್ಲ."

ಅಷ್ಟೇ. ಒಂದೇ ಸಲ ಕೊಡುವುದೆಂದು ಗೊತ್ತಿದ್ದೂ ಇನ್ನೊಮ್ಮೆ ಕರೆದೆ.

ಮೇಲೆ ಬಂದು, ತಲೆ ಒರೆಸಿಕೊಂಡು ಕಡಲಿಗೆ ಕೈಮುಗಿದೆ. ನಾರಾಯಣಾ, ಇನ್ನಾದರೂ ಅವಳಿಗೆ ನನ್ನ ಚಿಂತೆ ಬಿಡಿಸು. ಆ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು.