ಮಹಡಿ ಮೇಲಿನ ತಮ್ಮ

ಪಂಚಾಕ್ಷರಯ್ಯನವರಿಗೆ ಹೆಚ್ಚು ಬಾಡಿಗೆ ಕೊಡುವ ಹೊಸ ಗಿರಾಕಿ ಸಿಕ್ಕಿದ್ದ. ಹಾಗಾಗಿ ಮಹಡಿಯಲ್ಲಿದ್ದ ಬಾಡಿಗೆದಾರನಿಗೆ ಈ ತಿಂಗಳೇ ಜಾಗ ಖಾಲಿ ಮಾಡು ಅಂದಿದ್ದರು. ಮಕ್ಕಳ ಪರೀಕ್ಷೆ ಮುಗಿಯುವ ತನಕ ಇರ್ತೀವಿ ಎಂದು ಅವನು ಗೋಗರೆದ. ಇವರು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಅಷ್ಟರಲ್ಲಿ ಮನೆ ಕಂದಾಯದ ಅಧಿಕಾರಿ ಬಾಗಿಲಿಗೆ ಬಂದರು. ಬಾಡಿಗೆಗೆ ಕೊಟ್ಟ ಮನೆಯಾದರೆ ಕಂದಾಯ ದುಪ್ಪಟ್ಟು.

"ಮೇಲೆ ಯಾರಿದ್ದಾರೆ?"

"ನನ್ನ ತಮ್ಮ ಸಾರ್," ಅಂದುಬಿಟ್ಟರು.

ಅಧಿಕಾರಿ ಸೀದಾ ಮೆಟ್ಟಿಲು ಹತ್ತಿದರು. ಪಂಚಾಕ್ಷರಯ್ಯನವರು ಬೆವರುತ್ತಾ ಹಿಂದೆ ಹೋದರು.

"ಇವರ ತಮ್ಮ ನೀವೇನಾ?"

ಬಾಗಿಲು ತೆರೆದ ಬಾಡಿಗೆದಾರ ಒಂದು ಗಳಿಗೆ ಪಂಚಾಕ್ಷರಯ್ಯನವರ ಮುಖ ನೋಡಿದ. ಆ ಮುಖ ಕಣ್ಣಲ್ಲೇ ಕೈಮುಗಿಯುತ್ತಿತ್ತು.

"ಹೌದು ಸಾರ್. ಒಡಹುಟ್ಟಿದ ತಮ್ಮ."

"ಸರಿ. ಇನ್ನು ಪ್ರತಿ ವರ್ಷ ನಾನೇ ಬಂದು ನೋಡ್ತೀನಿ. ನೀವಿದ್ರೆ ಇದು ಸ್ವಂತ ವಾಸದ ಮನೆ. ಬೇರೆ ಯಾರಾದ್ರೂ ಕಂಡ್ರೆ ಹಳೇ ಬಾಕಿಗೆ ದಂಡ ಸೇರಿಸಿ ವಸೂಲಿ ಮಾಡ್ತೀನಿ."

"ಅಣ್ಣನ ಮನೆ ಬಿಟ್ಟು ನಾನೆಲ್ಲಿಗೆ ಹೋಗಲಿ ಸಾರ್?" ಎಂದ ಬಾಡಿಗೆದಾರ, ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ. "ಲೇ, ಮೂಟೆ ಕಟ್ಟಿದ ಪಾತ್ರೆಯೆಲ್ಲ ಬಿಚ್ಚು. ಭಾವನೋರಿಗೆ ಕಾಫಿ ಮಾಡು."