ನೀಲವ್ವನಿಗೆ ಸಿಗದ ಬಿಸಿಲು

ಭಾರ್ಗವಿ ಕ್ಯಾನ್ಸರ್ ಔಷಧಿಯ ಸಂಶೋಧಕಿ.

ಅವಳ ಔಷಧಿ ಮೈಗೆ ಸೇರಿದ ಮೇಲೆ ಗಡ್ಡೆಗೆ ಲೇಸರ್ ಬೆಳಕು ಬಿಟ್ಟರೆ ಸಾಕು... ಗಡ್ಡೆ ಸಾಯುತ್ತಿತ್ತು.

ಆದರೆ ಔಷಧಿ ಚರ್ಮದಲ್ಲೂ ವಾರಗಟ್ಟಲೆ ಉಳಿಯುತ್ತಿತ್ತು. ಅಲ್ಲಿಯವರೆಗೆ ರೋಗಿ ಬಿಸಿಲಿಗೆ ಬಂದರೆ ಮೈ ಸುಟ್ಟು ಬೊಬ್ಬೆ ಏಳುತ್ತಿತ್ತು.

ಅದಕ್ಕೇ ಗದಗದ ಕಡೆಯ ನೀಲವ್ವ ಆಸ್ಪತ್ರೆಯ ಕಪ್ಪು ಪರದೆಯ ಕೋಣೆಯಲ್ಲಿದ್ದಳು. ಅನ್ನನಾಳದ ಕ್ಯಾನ್ಸರ್... ಕೊನೆಯ ಹಂತ. ಗುಣವಾಗುವಂಥದ್ದಲ್ಲ. ನಾಲ್ಕು ತುತ್ತು ಇಳಿಯಲಿ ಎಂದು ಕೊಟ್ಟ ಚಿಕಿತ್ಸೆ.

ಇಳಿಯಿತು ಕೂಡ! ತಿಂಗಳುಗಳ ನಂತರ ನೀಲವ್ವ ಗಂಜಿ ಕುಡಿದಳು. ಲ್ಯಾಬಿನಲ್ಲಿ ಸಿಹಿ ಹಂಚಿದರು.

ಆದರೆ ಎರಡು ವರ್ಷದ ಮೊಮ್ಮಗಳು ಆ ಕತ್ತಲೆ ಕೋಣೆ ಕಂಡರೆ ಬಾಗಿಲಲ್ಲೇ ಚೀರುತ್ತಿದ್ದಳು. ಒಳಗೆ ಬರಲೇ ಇಲ್ಲ.

"ಡಾಕ್ಟರವ್ವಾ, ಒಂದ್ಸಲ ಅಂಗಳಕ್ಕ ಕರಕೊಂಡು ಹೋಗು. ಕೂಸನ್ನ ತೊಡಿಮ್ಯಾಲೆ ಕೂಡಿಸ್ಕೋತೀನಿ..."

ಭಾರ್ಗವಿ ಕಪ್ಪು ಬಟ್ಟೆಗೆ ತೂತು ಮಾಡಿ, ನೀಲವ್ವನ ಮುಂಗೈಯ ಚೂರು ಚರ್ಮಕ್ಕೆ ಮಾತ್ರ ಬಿಸಿಲು ತಾಗಿಸಿ ಮರುದಿನ ನೋಡುತ್ತಿದ್ದಳು. ಕೆಂಪಾಗದಿದ್ದರೆ ಹೊರಗೆ ಹೋಗಬಹುದು.

ಪ್ರತಿ ಸಲವೂ ಕೆಂಪು...

ಒಂದು ಬೆಳಿಗ್ಗೆ ಆ ಜಾಗದ ತುಂಬ ಅರಿಶಿನ ಮೆತ್ತಿತ್ತು.

"ಏನಮ್ಮಾ ಇದು?"

"ಸೊಳ್ಳಿ ಕಡದೈತಿ."

ಒರೆಸಿದರೆ ಕೆಳಗೆ ಕೆಂಪು.

"ಸುಳ್ಳು ಹೇಳಾಕೂ ಬರಂಗಿಲ್ಲ ನಿಂಗ!" ಪಕ್ಕದಲ್ಲಿದ್ದ ನೀಲವ್ವನ ಮಗಳು ಬೈದಳು.

"ಇನ್ನ ಯಾವಾಗ ಕಲೀಲೇ?" ನೀಲವ್ವ ನಕ್ಕಳು. ಆಮೇಲೆ ಮೆಲ್ಲಗೆ... "ಸುಟ್ಟರ ಸುಡಲಿ, ಡಾಕ್ಟರವ್ವಾ. ಹೆಂಗೂ ಸಾಯಾಕಿ ನಾ."

ಭಾರ್ಗವಿ ಒಪ್ಪಲಿಲ್ಲ. "ಇನ್ನೊಂದೇ ವಾರ, ಅಮ್ಮಾ..."

"ಆತು ಬಿಡು. ಗಂಜಿ ಇಳೀತಲ್ಲ, ಅದು ನಿನ್ನಿಂದನ. ಮಾರಿ ಸಣ್ಣ ಮಾಡಬ್ಯಾಡ" ಎಂದು ನೀಲವ್ವನೇ ಅವಳ ಕೆನ್ನೆ ಸವರಿದಳು.

ಆ ವಾರ ಮುಗಿಯುವ ಮೊದಲೇ ನೀಲವ್ವ ಹೋದಳು.

ಅವಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಂಗಳದಲ್ಲಿ ಮಲಗಿಸಿದರು. ಮೇಲೆ ಒಳ್ಳೆಯ ಬಿಸಿಲು.

ಈಗ ಕೂಸಿಗೆ ಹೆದರಿಕೆಯಿಲ್ಲ. ಓಡಿಬಂದು ಅಜ್ಜಿಯ ಪಕ್ಕ ಕೂತು, ಮುಖ ಮುಟ್ಟಿ ಕರೆಯಿತು... "ಅಜ್ಜಿ, ಏಳು."

ಭಾರ್ಗವಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಲ್ಯಾಬಿನಲ್ಲಿ ಅವಳು ಹಿಂದೆ ಕೈಬಿಟ್ಟಿದ್ದ ಇನ್ನೊಂದು ಔಷಧಿ ಇತ್ತು. ಗಡ್ಡೆಯನ್ನು ಸ್ವಲ್ಪ ಕಡಿಮೆ ಕರಗಿಸುತ್ತಿತ್ತು... ಆದರೆ ಎರಡೇ ದಿನದಲ್ಲಿ ಮೈಬಿಟ್ಟು ಹೋಗುತ್ತಿತ್ತು.

ಅದನ್ನೇ ಮತ್ತೆ ಕೈಗೆತ್ತಿಕೊಂಡಳು.

"ಇದು ಅಷ್ಟು ಪವರ್‌ಫುಲ್ ಅಲ್ಲವಲ್ಲಮ್ಮ?" ಹಿರಿಯ ವಿಜ್ಞಾನಿ ಕೇಳಿದರು.

"ಸರ್, ಗಡ್ಡೆ ಎಷ್ಟು ಕರಗಿತು ಅಂತ ಅಳೆದೆವು. ರೋಗಿಗೆ ಉಳಿದಿದ್ದ ದಿನಗಳಲ್ಲಿ ನಾವೆಷ್ಟು ಕಿತ್ತುಕೊಂಡೆವು ಅಂತ ಅಳೆಯಲೇ ಇಲ್ಲ..."

ಅವರು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೆಲಸಕ್ಕೆ ಕೂತರು.

*

ರೋಗಕ್ಕೆ ಬೇಕಾದದ್ದನ್ನು ಕೊಡುವಾಗ, ಮನುಷ್ಯನಿಗೆ ಬೇಕಾದದ್ದನ್ನೂ ಕೇಳಿ ತಿಳಿಯಬೇಕು.

ಮನೆಯಲ್ಲಿ ಹಾಸಿಗೆ ಹಿಡಿದವರನ್ನು "ಮಾತ್ರೆ ತಗೊಂಡ್ರಾ?" ಎಂದು ದಿನಾ ಕೇಳುತ್ತೇವೆ... "ನಿಮಗೆ ಏನು ಆಸೆ?" ಎಂದು ನೀವು ಕೇಳಿದ್ದು ಯಾವಾಗ?